ಒಂದು ಕೀಲಿಗೆ ಇಬ್ಬರು ಒಡೆಯರು

ಗಣಕಯಂತ್ರದ ಕೀಲಿಮಣೆಯ ತಕರಾರು: ಅದರ ಕಾರಣ ಮತ್ತು ಪರಿಹಾರ

ದೊಡ್ಡ ಉಪಾಹಾರಗೃಹವೊಂದರಲ್ಲಿ ಸುಧಾಕರ ಎಂಬ ಹೆಸರಿನವರು ಇಬ್ಬರಿದ್ದರೆ ಏನಾಗುವುದೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಗಲ್ಲೆಯಿಂದ "ಸುಧಾಕರಾ" ಎಂದು ಕೂಗಿದೊಡನೆ ಚಹದ ಒಲೆಯ ಮುಂದೆ ನಿಂತವನೂ ಓಗೊಡುತ್ತಾನೆ, ದೋಸೆಯ ಕಲ್ಲಿನ ಮುಂದೆ ನಿಂತವನೂ ಓಗೊಡುತ್ತಾನೆ. ಇಲ್ಲವಾದರೆ, ಕರೆದದ್ದು ಅವನನ್ನೆಂದು ಇವನೂ ಇವನನ್ನೆಂದು ಅವನೂ ಸುಮ್ಮನಿದ್ದುಬಿಡುತ್ತಾರೆ. ಹಾಗೆಂದು ಯಾವ ಧಣಿಗಳೂ ಇಬ್ಬರಲ್ಲೊಬ್ಬನನ್ನು ಕೆಲಸದಿಂದ ತೆಗೆದುಹಾಕುವುದಿಲ್ಲ. ಒಬ್ಬನನ್ನು ದೊಡ್ಡ ಸುಧಾಕರನೆಂದೂ ಇನ್ನೊಬ್ಬನನ್ನು ಚಿಕ್ಕ ಸುಧಾಕರನೆಂದೂ ಕರೆಯತೊಡಗುತ್ತಾರೆ. ತಕರಾರು ಅಲ್ಲಿಗೆ ಮುಗಿಯುತ್ತದೆ.

ಇಂದು ಗಲ್ಲೆಯ ಮೇಲೂ ಗುಮಾಸ್ತರ ಮೇಜಿನ ಮೇಲೂ ಕುಳಿತಿರುವ ಗಣಕಯಂತ್ರದಲ್ಲಿ ಇದೇ ಬಗೆಯ ತಕರಾರು ದಿನಬೆಳಗಾದರೆ ನಡೆಯುತ್ತಿದೆ. ಆದರೆ ಅಲ್ಲಿ ಎಷ್ಟೋ ವೇಳೆ ಒಬ್ಬ ಸುಧಾಕರನನ್ನು ಮನೆಗೆ ಕಳುಹಿಸಿಯೇ ಬಿಡುತ್ತಾರೆ. ಹಾಗೆ ಹೊರಬೀಳುವವನು ಹೆಚ್ಚಾಗಿ ನಮ್ಮ ಕನ್ನಡವೇ ಆಗಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿದೆ.

ಒಂದು ಶನಿವಾರದ ಸಂಜೆ

ಮುಂಬಯಿಯ ಉಪಾಹಾರಗೃಹವೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಮಿತ್ರರೊಬ್ಬರಿದ್ದಾರೆ. ದಿನದ ಸಾಮಾನಿನ ಪಟ್ಟಿಯನ್ನು ಅವರು ಕನ್ನಡದಲ್ಲಿ ಬೆರಳಚ್ಚು ಮಾಡುತ್ತಿದ್ದರು. ಏಕೆಂದರೆ ಅಡುಗೆಯ ಭಟ್ಟರಿಗೆ ಓದಲು ಬರುವುದು ಕನ್ನಡವೊಂದೇ. ಬ್ಯಾಂಕಿನ ವ್ಯವಹಾರ, ತೆರಿಗೆಯ ಲೆಕ್ಕ ಇವು ಇಂಗ್ಲಿಷಿನಲ್ಲಿ. ಒಂದೇ ಯಂತ್ರದಲ್ಲಿ ಎರಡು ಭಾಷೆಗಳು ಸುಖವಾಗಿಯೇ ನಡೆದುಕೊಂಡು ಬಂದಿದ್ದವು.

ತಿಂಗಳ ಕೊನೆಯ ಶನಿವಾರ ಸಂಜೆ ಕೆಲಸಗಾರರ ಪಗಾರವನ್ನು ಅವರವರ ಖಾತೆಗೆ ಕಳುಹಿಸಬೇಕಾಗಿತ್ತು. ನಮ್ಮ ಮಿತ್ರರು ಬ್ಯಾಂಕಿನ ಪುಟವನ್ನು ತೆರೆದರು. ಹೆಸರು ಮೊದಲೇ ತುಂಬಿಕೊಂಡಿತ್ತು. ಪಾಸ್‌ವರ್ಡನ್ನು ಮಾತ್ರ ಒತ್ತಬೇಕಾಗಿತ್ತು. ಒತ್ತಿದರು, ತಪ್ಪೆಂದಿತು. ಮತ್ತೆ ನಿಧಾನವಾಗಿ ಒಂದೊಂದೇ ಅಕ್ಷರವನ್ನು ಒತ್ತಿದರು, ಆಗಲೂ ತಪ್ಪೆಂದಿತು. ಮೂರನೆಯ ಸಲಕ್ಕೆ ಖಾತೆಯ ಬಾಗಿಲೇ ಮುಚ್ಚಿಹೋಯಿತು. ಮರುದಿನ ಭಾನುವಾರ, ಸೋಮವಾರ ರಜೆ. ಪಗಾರ ಕೈಸೇರಿದ್ದು ಮಂಗಳವಾರ ಮಧ್ಯಾಹ್ನ. ಆ ಮೂರು ದಿನ ಊರಿನಲ್ಲಿ ಒಬ್ಬನ ಮಗನ ಶಾಲೆಯ ಶುಲ್ಕ ನಿಂತಿತು, ಇನ್ನೊಬ್ಬನ ತಾಯಿಯ ಔಷಧ ನಿಂತಿತು. "ಇಷ್ಟು ವರ್ಷ ಗಲ್ಲೆಯಲ್ಲಿ ಕೂತವರಿಗೆ ಒಂದು ಪಾಸ್‌ವರ್ಡು ನೆನಪಿರುವುದಿಲ್ಲವೇ?" ಎಂದು ಧಣಿಗಳು ಎಲ್ಲರೆದುರು ಕೇಳಿದ ಮಾತು ನಮ್ಮ ಮಿತ್ರರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಯಂತ್ರ ನೋಡಲು ಬಂದವನು ಐದೇ ನಿಮಿಷಗಳಲ್ಲಿ ರೋಗವನ್ನು ಕಂಡುಹಿಡಿದನು. ಯಂತ್ರವು ಕನ್ನಡದಲ್ಲಿತ್ತು, ಪಾಸ್‌ವರ್ಡಿನ ಸ್ಥಳದಲ್ಲಿ ಚುಕ್ಕೆಗಳು ಮಾತ್ರ ಕಾಣುವುದರಿಂದ ಅದು ತಿಳಿದಿರಲಿಲ್ಲ. ಅವರ ಯಂತ್ರದಲ್ಲಿದ್ದದ್ದು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ. ಅದರಲ್ಲಿ ಇಂಗ್ಲಿಷಿನ ಜೆ ಇರುವಲ್ಲಿ ರ, ಎಲ್ ಇರುವಲ್ಲಿ ತ, ಎಚ್ ಇರುವಲ್ಲಿ ಪ. ಮಿತ್ರರ ನೆನಪೂ ಸರಿಯಿತ್ತು, ಬೆರಳೂ ಸರಿಯಿತ್ತು. ಬ್ಯಾಂಕಿಗೆ ಹೋದ ಅಕ್ಷರಗಳು ಮಾತ್ರ ಬೇರೆಯಾಗಿದ್ದವು. ರೋಗವನ್ನು ಸರಿಯಾಗಿ ಕಂಡ ವೈದ್ಯನು ಕೊಟ್ಟ ಮದ್ದು ಮಾತ್ರ ವಿಚಿತ್ರವಾಗಿತ್ತು: ಕನ್ನಡವನ್ನೇ ಯಂತ್ರದಿಂದ ತೆಗೆದುಹಾಕಿ ಹೋದನು. ನೆಗಡಿ ಬಂತೆಂದು ಮೂಗನ್ನು ಕೊಯ್ದಂತಾಯಿತು. ಅಂದಿನಿಂದ ಭಟ್ಟರಿಗೆ ಕೊಡುವ ಪಟ್ಟಿ ಮತ್ತೆ ಕೈಬರಹಕ್ಕೆ ಇಳಿಯಿತು.

ಬೆರಳಿನ ತಪ್ಪಲ್ಲ

ಯಂತ್ರವು ತಾನಾಗಿ ಕನ್ನಡಕ್ಕೆ ತಿರುಗಿದ್ದು ಹೇಗೆ? ವಿಂಡೋಸ್ ವ್ಯವಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳಿದ್ದರೆ, ಎಡಗಡೆಯ ಆಲ್ಟ್ ಕೀಲಿಯನ್ನೂ ಶಿಫ್ಟ್ ಕೀಲಿಯನ್ನೂ ಕೂಡಿ ಒತ್ತಿದಾಗ ಭಾಷೆ ಬದಲಾಗುವಂತೆ ಸಾಮಾನ್ಯವಾಗಿ ಏರ್ಪಾಡಾಗಿರುತ್ತದೆ. ಅದೇ ವಿಂಡೋಸಿನಲ್ಲಿ ತೆರೆದಿಟ್ಟ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ಆಲ್ಟ್ ಮತ್ತು ಟ್ಯಾಬ್ ಒತ್ತುತ್ತೇವೆ. ಹಿಮ್ಮುಖವಾಗಿ ಹೋಗಬೇಕಾದರೆ ಆಲ್ಟ್, ಶಿಫ್ಟ್, ಟ್ಯಾಬ್ ಮೂರನ್ನೂ ಒತ್ತುತ್ತೇವೆ. ಲೆಕ್ಕದ ಹಾಳೆಗೂ ಬ್ಯಾಂಕಿನ ಪುಟಕ್ಕೂ ಓಡಾಡುವ ಅವಸರದಲ್ಲಿ ಮೊದಲೆರಡನ್ನು ಒತ್ತಿ, ಮೂರನೆಯದನ್ನು ಮುಟ್ಟುವ ಮೊದಲೇ ಕೈ ಎತ್ತಿದರೆ ಸಾಕು, ಭಾಷೆ ಬದಲಾಗುತ್ತದೆ. ಎರಡು ಬೇರೆ ಕೆಲಸಗಳ ದಾರಿಗಳು ಒಂದೇ ಹೊಸ್ತಿಲಿನಲ್ಲಿ ಕೂಡಿದ್ದುದೇ ಅನರ್ಥಕ್ಕೆ ಕಾರಣ.

ಹೀಗೆ ಎರಡು ಮೂರು ಕೀಲಿಗಳನ್ನು ಕೂಡಿ ಒತ್ತಿ ಕೆಲಸವನ್ನು ಬೇಗನೆ ಮಾಡಿಸಿಕೊಳ್ಳುವ ಒಳದಾರಿಗೆ ಶಾರ್ಟ್‌ಕಟ್ ಎಂದು ಹೆಸರು. ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಸುವಿಕೆ. ಇದನ್ನು ಬಲ್ಲದ ಗುಮಾಸ್ತರು ಇಂದು ವಿರಳ. ಬರಹದ ತುಣುಕನ್ನು ಕತ್ತರಿಸಿ ಅಂಟಿಸುವ ಈ ಪದ್ಧತಿಯನ್ನು ಲ್ಯಾರಿ ಟೆಸ್ಲರ್ ಎಂಬವರು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾಲಯದಲ್ಲಿ ಸಹೋದ್ಯೋಗಿಗಳೊಡನೆ ರೂಪಿಸಿದರು. 1983ರಲ್ಲಿ ಆಪಲ್ ಸಂಸ್ಥೆಯ ಲೀಸಾ ಯಂತ್ರದೊಡನೆ ಅದು ಪೇಟೆಗೆ ಬಂದಿತು. 1981ರ ಐಬಿಎಂ ಯಂತ್ರಕ್ಕೆ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳ ಕೂಟವನ್ನು ಗೊತ್ತುಮಾಡಿದವರು ಡೇವಿಡ್ ಬ್ರ್ಯಾಡ್ಲಿ ಎಂಬ ಇಂಜಿನಿಯರರು. ಅದು ಯಂತ್ರವನ್ನು ಮೊದಲಿನಿಂದ ಚಾಲೂ ಮಾಡುವ ಆಜ್ಞೆಯಾದುದರಿಂದ, ಕೈತಪ್ಪಿ ಒತ್ತಿದರೆ ಮಾಡಿದ ಕೆಲಸವೆಲ್ಲ ಹಾಳು. ಆದುದರಿಂದಲೇ ಅವರು ಒಂದು ಕೈಯಿಂದ ಅಕಸ್ಮಾತ್ತಾಗಿ ಒತ್ತಲಾಗದಷ್ಟು ದೂರದೂರದ ಕೀಲಿಗಳನ್ನು ಆರಿಸಿದರು. ಈ ಮುಂದಾಲೋಚನೆ ಆಲ್ಟ್-ಶಿಫ್ಟ್ ಕೂಟಕ್ಕೆ ಒದಗಲಿಲ್ಲ; ಆ ಎರಡೂ ಕೀಲಿಗಳು ಎಡಗೈಯ ಅಡಿಯಲ್ಲಿಯೇ ಇವೆ.

ಕನ್ನಡಿಗರ ಪಾಲಿನ ತೊಡಕು

ಇಂಗ್ಲಿಷ್ ಒಂದರಲ್ಲೇ ಬರೆಯುವವನಿಗೆ ಇಂತಹ ತೊಡಕು ಕಡಿಮೆ. ಎರಡು ಭಾಷೆಗಳಲ್ಲಿ ಬಾಳುವವನಿಗೆ ಭಾಷೆ ಬದಲಿಸುವ ಕೀಲಿಯೊಂದು ಬೇಕೇ ಬೇಕು. ಕೀಲಿಮಣೆಯಲ್ಲಾದರೋ ಕೆಲಸವಿಲ್ಲದೆ ಕುಳಿತ ಕೀಲಿ ಅಪರೂಪ. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಕೀಲಿಗಳಲ್ಲಿಯೇ ಇಡೀ ಕನ್ನಡ ವರ್ಣಮಾಲೆಯನ್ನು ಅಡಕಮಾಡುವ ವಿನ್ಯಾಸವನ್ನು ರೂಪಿಸಿಕೊಟ್ಟರು. ಕೆಲಕಾಲ ಮುಂಬಯಿಯಲ್ಲಿ ಕೆಲಸಮಾಡಿದ ಇವರ ಹೆಸರನ್ನು ಇಲ್ಲಿಯ ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಅಕ್ಷರಗಳ ಸಮಸ್ಯೆ ಹೀಗೆ ಬಗೆಹರಿಯಿತು. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವ ಬಾಗಿಲಿನ ಸಮಸ್ಯೆ ಮಾತ್ರ ಉಳಿಯಿತು.

ನುಡಿ ತಂತ್ರಾಂಶದಲ್ಲಿ ಈ ಬಾಗಿಲಿಗಾಗಿ ಸ್ಕ್ರೋಲ್ ಲಾಕ್ ಕೀಲಿಯನ್ನು ಬಳಸುವ ರೂಢಿ ಬೆಳೆದುಬಂದಿದೆ. ಬರವಣಿಗೆಯಲ್ಲಿ ಅದರಿಂದ ಬಾಧೆಯಿಲ್ಲ. ಆದರೆ ಎಕ್ಸೆಲ್ ಲೆಕ್ಕದ ಹಾಳೆಯಲ್ಲಿ ಅದೇ ಕೀಲಿಗೆ ಬೇರೆ ಕೆಲಸವಿದೆ: ಅದು ಚಾಲೂ ಇದ್ದಾಗ ಬಾಣದ ಕೀಲಿಯನ್ನು ಒತ್ತಿದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಬದಲು ಇಡೀ ಹಾಳೆಯೇ ಸರಿಯುತ್ತದೆ. "ನನ್ನ ಹಾಳೆ ಜಾರುತ್ತಿದೆ, ಯಂತ್ರ ಕೆಟ್ಟಿದೆ" ಎಂದು ಗಾಬರಿಪಡುವ ಗುಮಾಸ್ತರು ಮೊದಲು ಈ ಕೀಲಿಯನ್ನು ನೋಡಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಭಾಷೆ ಬದಲಿಸಲು ಹಿಂದೆ ಕಂಟ್ರೋಲ್ ಮತ್ತು ಸ್ಪೇಸ್ ಕೀಲಿಗಳ ಕೂಟ ಬಳಕೆಯಲ್ಲಿತ್ತು. ಲೆಕ್ಕದ ಹಾಳೆಗಳಲ್ಲಿ ಅದೇ ಕೂಟವು ಒಂದು ಇಡೀ ಕಂಬಸಾಲನ್ನು ಆರಿಸುತ್ತದೆ. ಸಾಲು ಆರಿಸಲ್ಪಟ್ಟದ್ದನ್ನು ಗಮನಿಸದೆ ಡಿಲೀಟ್ ಒತ್ತಿದರೆ ತಿಂಗಳ ಲೆಕ್ಕವೇ ಅಳಿಸಿಹೋಗಬಹುದು. ಅಂತಹ ಸಮಯದಲ್ಲಿ ಗಾಬರಿಪಡದೆ ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಅಳಿದುದು ಮರಳಿ ಬರುತ್ತದೆ.

ಕರೆ ಮೊದಲು ಯಾರಿಗೆ ಕೇಳಿಸುತ್ತದೆ?

ಕೀಲಿಯನ್ನು ಒತ್ತಿದಾಗ ಆ ಕರೆ ನೇರವಾಗಿ ಎದುರಿಗಿರುವ ತಂತ್ರಾಂಶವನ್ನು ಮುಟ್ಟುವುದಿಲ್ಲ. ಗಿರಾಕಿಯ ಮಾತು ಬಾಗಿಲಿನ ಕಾವಲುಗಾರ, ಗಲ್ಲೆ, ಸಪ್ಲಾಯರ್, ಅಡುಗೆಮನೆ ಎಂದು ಹಂತಹಂತವಾಗಿ ಸಾಗುವಂತೆ ಇಲ್ಲಿಯೂ ಹಂತಗಳಿವೆ. ಮೊದಲು ವಿಂಡೋಸ್ ಅಥವಾ ಲಿನಕ್ಸ್‌ನಂತಹ ಮೂಲವ್ಯವಸ್ಥೆ. ಬಳಿಕ ತೆರೆಯ ಮರೆಯಲ್ಲಿ ನಡೆಯುತ್ತಿರುವ ಚಿಕ್ಕಪುಟ್ಟ ತಂತ್ರಾಂಶಗಳು ಮತ್ತು ಭಾಷೆಯ ತಂತ್ರಾಂಶ. ಕೊನೆಗೆ ಎದುರಿನ ಹಾಳೆ. ಮೇಲಿನ ಹಂತದವನು ಕರೆಯನ್ನು ತಾನೇ ಇಟ್ಟುಕೊಂಡರೆ ಕೆಳಗಿನವನಿಗೆ ಅದು ಕೇಳಿಸುವುದೇ ಇಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸಿನಲ್ಲಿ ಒಂದು ತಂತ್ರಾಂಶವು ಎಲ್ಲ ಕಿಟಕಿಗಳಿಗೂ ಅನ್ವಯಿಸುವ ಶಾರ್ಟ್‌ಕಟ್ಟನ್ನು ಕೇಳಿಕೊಂಡರೆ, ಮೊದಲು ಕೇಳಿದವನಿಗೆ ಅದು ಸಿಗುತ್ತದೆ. ಎರಡನೆಯವನಿಗೆ ಇಲ್ಲವೆಂದು ಉತ್ತರ ಬರುತ್ತದೆ; ಅನೇಕ ತಂತ್ರಾಂಶಗಳು ಆ ಸಂಗತಿಯನ್ನು ನಮಗೆ ತಿಳಿಸುವುದೂ ಇಲ್ಲ. ಬೆಳಿಗ್ಗೆ ಯಾವುದು ಮೊದಲು ಎದ್ದಿತೋ ಅದರದೇ ಅಂದಿನ ಯಜಮಾನಿಕೆ. ನಿನ್ನೆ ಸರಿಯಿದ್ದುದು ಇಂದು ಕೈಕೊಡುವುದಕ್ಕೆ ಹೀಗೂ ಒಂದು ಕಾರಣವುಂಟು.

ಪತ್ತೆಯ ಕ್ರಮ

ತಕರಾರು ಕಂಡುಬಂದಾಗ ಒಮ್ಮೆಲೇ ಹತ್ತು ಕಡೆ ಕೈಹಾಕುವುದು ಸಲ್ಲದು. ಮೊದಲು ಒಂದು ಚೀಟಿಯಲ್ಲಿ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಬೇಕು: ಯಾವ ಕೀಲಿಗಳನ್ನು ಒತ್ತಿದೆವು, ಏನಾಗಬೇಕಾಗಿತ್ತು, ಏನಾಯಿತು.

ಎರಡನೆಯದಾಗಿ, ಅದೇ ಕೀಲಿಗಳನ್ನು ಬೇರೊಂದು ತಂತ್ರಾಂಶದಲ್ಲಿ ಒತ್ತಿ ನೋಡಬೇಕು. ಒಂದೇ ತಂತ್ರಾಂಶದಲ್ಲಿ ತೊಂದರೆಯಿದ್ದರೆ ಹೆಚ್ಚಾಗಿ ಅದರದೇ ವ್ಯವಸ್ಥೆಯಲ್ಲಿ ಕಾರಣವಿರುತ್ತದೆ. ಎಲ್ಲ ಕಡೆಯೂ ಅದೇ ತೊಂದರೆಯಾದರೆ ಮೂಲವ್ಯವಸ್ಥೆಯನ್ನಾಗಲಿ ಮರೆಯಲ್ಲಿರುವ ತಂತ್ರಾಂಶವನ್ನಾಗಲಿ ಸಂಶಯಿಸಬೇಕು.

ಮೂರನೆಯದಾಗಿ, ಮರೆಯಲ್ಲಿರುವವುಗಳನ್ನು ಒಂದೊಂದಾಗಿ ಮುಚ್ಚುತ್ತ, ಪ್ರತಿ ಸಲವೂ ಕೀಲಿಯನ್ನು ಒತ್ತಿ ಪರೀಕ್ಷಿಸಬೇಕು. ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಬಳಿ ಸಾಲಾಗಿರುವ ಚಿಕ್ಕ ಗುರುತುಗಳಲ್ಲಿ ಇವು ಅಡಗಿರುತ್ತವೆ. ಪರದೆಯ ಚಿತ್ರ ತೆಗೆಯುವ ತಂತ್ರಾಂಶ, ದೂರದ ಯಂತ್ರಕ್ಕೆ ಸಂಪರ್ಕ ಕಲ್ಪಿಸುವ ತಂತ್ರಾಂಶ ಇತ್ಯಾದಿಗಳನ್ನು ಮೊದಲು ನೋಡಬೇಕು. ಯಾವುದನ್ನು ಮುಚ್ಚಿದಾಗ ತಕರಾರು ನಿಂತಿತೋ ಅದೇ ಎರಡನೆಯ ಒಡೆಯ.

ನಾವು ಮರೆತುಬಿಡುವ ಒಂದು ಸ್ಥಳ ಉಂಟು. ವಿಂಡೋಸಿನಲ್ಲಿ ಮುಖ್ಯ ಪರದೆಯ ಮೇಲಿರುವ ತಂತ್ರಾಂಶದ ಚಿಕ್ಕ ಚಿತ್ರಕ್ಕೂ ಒಂದು ಶಾರ್ಟ್‌ಕಟ್ಟನ್ನು ಕಟ್ಟಿಡಬಹುದು. ಇಂಡಿಯಾ ಇಂಗ್ಲಿಷ್ ಕೀಲಿಮಣೆಯಲ್ಲಿ ಕಂಟ್ರೋಲ್, ಆಲ್ಟ್ ಮತ್ತು 4 ಒತ್ತಿದರೆ 2010ರಲ್ಲಿ ಅಂಗೀಕೃತವಾದ ರೂಪಾಯಿಯ ಚಿಹ್ನೆ (₹) ಮೂಡುತ್ತದೆ. ಹಿಂದಿನ ಗುಮಾಸ್ತನೊಬ್ಬನು ಅದೇ ಕೂಟವನ್ನು ತನ್ನ ಅನುಕೂಲಕ್ಕಾಗಿ ಒಂದು ಚಿತ್ರಕ್ಕೆ ಕಟ್ಟಿಹೋಗಿದ್ದರೆ, ರೂಪಾಯಿಯನ್ನು ಬರೆಯಹೋದವನೆದುರು ಬೇರೊಂದು ತಂತ್ರಾಂಶ ತೆರೆದು ನಿಲ್ಲುತ್ತದೆ. ಆ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಪ್ರಾಪರ್ಟೀಸ್' ತೆರೆದು, 'ಶಾರ್ಟ್‌ಕಟ್ ಕೀ' ಎಂಬ ಸ್ಥಳವನ್ನು ಖಾಲಿಮಾಡಿದರೆ ಚಿಹ್ನೆ ಮರಳಿ ಬರುತ್ತದೆ.

ಪರಿಹಾರ

ನಮ್ಮ ಮಿತ್ರರ ತೊಂದರೆಗೆ ಪರಿಹಾರ ವಿಂಡೋಸಿನೊಳಗೇ ಇತ್ತು. ವಿಂಡೋಸ್ 11ರಲ್ಲಿ 'ಸೆಟ್ಟಿಂಗ್ಸ್' ತೆರೆದು, 'ಟೈಮ್ ಆಂಡ್ ಲ್ಯಾಂಗ್ವೇಜ್', ಅದರಲ್ಲಿ 'ಟೈಪಿಂಗ್', ಅದರಲ್ಲಿ 'ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್' ಎಂಬಲ್ಲಿಗೆ ಹೋಗಬೇಕು. ಅಲ್ಲಿ 'ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್' ಎಂಬುದನ್ನು ಒತ್ತಿದರೆ ಹಳೆಯ ಮಾದರಿಯ ಚಿಕ್ಕ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ 'ಚೇಂಜ್ ಕೀ ಸೀಕ್ವೆನ್ಸ್' ಒತ್ತಿ, ಭಾಷೆಯ ಬದಲಾವಣೆಗೆ 'ನಾಟ್ ಅಸೈನ್ಡ್' ಎಂದು ಆರಿಸಿ ಒಪ್ಪಿಗೆ ಕೊಡಬೇಕು. ಪಕ್ಕದಲ್ಲಿಯೇ ಕೀಲಿಮಣೆಯ ವಿನ್ಯಾಸವನ್ನು ಬದಲಿಸುವ ಕಂಟ್ರೋಲ್-ಶಿಫ್ಟ್ ಕೂಟವಿದ್ದರೆ ಅದನ್ನೂ ಹಾಗೆಯೇ ಬಿಡಿಸುವುದು ಒಳ್ಳೆಯದು. ಲೆಕ್ಕದ ಹಾಳೆಯಲ್ಲಿ ಸಾಲುಗಳನ್ನು ಆರಿಸುವಾಗ ಈ ಎರಡು ಕೀಲಿಗಳ ಮೇಲೆ ಬೆರಳು ಬೀಳುತ್ತಲೇ ಇರುತ್ತದೆ.

ಹಾಗಾದರೆ ಭಾಷೆ ಬದಲಿಸುವುದು ಹೇಗೆ? ಅದಕ್ಕೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಎಂಬ ಇನ್ನೊಂದು ಕೂಟ ಸಿದ್ಧವಾಗಿಯೇ ಇದೆ. ವಿಂಡೋಸ್ ಕೀಲಿಯನ್ನು ಹಿಡಿದುಕೊಂಡು ಸ್ಪೇಸ್ ಒತ್ತಿದಾಗ ಭಾಷೆಗಳ ಪಟ್ಟಿಯೇ ಪರದೆಯ ಮೇಲೆ ಬರುವುದರಿಂದ, ಏನನ್ನು ಆರಿಸಿದೆವೆಂಬುದು ಕಣ್ಣಿಗೆ ಕಾಣುತ್ತದೆ. ಅದೇ ಪುಟದಲ್ಲಿ, ಒಂದೊಂದು ಕಿಟಕಿಗೆ ಒಂದೊಂದು ಭಾಷೆಯನ್ನು ಬಳಸಲು ಅವಕಾಶ ಕೊಡುವ ಚೌಕವೂ ಒಂದಿದೆ. ಅದಕ್ಕೆ ಗುರುತು ಹಾಕಿದರೆ ಪಟ್ಟಿಯ ಕಿಟಕಿಯಲ್ಲಿ ಕನ್ನಡವೂ ಬ್ಯಾಂಕಿನ ಕಿಟಕಿಯಲ್ಲಿ ಇಂಗ್ಲಿಷೂ ಪರಸ್ಪರರ ತಂಟೆಗೆ ಹೋಗದೆ ಉಳಿಯುತ್ತವೆ.

ಲಿನಕ್ಸಿನಲ್ಲಿ ಗ್ನೋಮ್ ಪರದೆಯನ್ನು ಬಳಸುವವರು 'ಸೆಟ್ಟಿಂಗ್ಸ್', 'ಕೀಬೋರ್ಡ್' ಎಂಬಲ್ಲಿಗೆ ಹೋಗಿ ಶಾರ್ಟ್‌ಕಟ್ಟುಗಳ ಪಟ್ಟಿಯಲ್ಲಿ 'ಟೈಪಿಂಗ್' ವಿಭಾಗವನ್ನು ತೆರೆದರೆ ಭಾಷೆ ಬದಲಿಸುವ ಕೂಟ ಸಿಗುತ್ತದೆ. ಅಲ್ಲಿಯ ಒಂದು ಸೌಜನ್ಯ ಮೆಚ್ಚತಕ್ಕದ್ದು: ಈಗಾಗಲೇ ಬೇರೆ ಕೆಲಸಕ್ಕೆ ಗೊತ್ತಾದ ಕೂಟವನ್ನು ಕೊಡಹೋದರೆ, ಇದು ಇಂತಹ ಕೆಲಸಕ್ಕೆ ಬಳಕೆಯಲ್ಲಿದೆ, ಬದಲಿಸಿದರೆ ಆ ಕೆಲಸಕ್ಕೆ ಅದು ತಪ್ಪಿಹೋಗುವುದು ಎಂದು ವ್ಯವಸ್ಥೆಯೇ ಎಚ್ಚರಿಸುತ್ತದೆ.

ಮೂಲವ್ಯವಸ್ಥೆಯಲ್ಲಿ ದೋಷವಿಲ್ಲದೆ ಒಂದೇ ತಂತ್ರಾಂಶದಲ್ಲಿದ್ದರೆ ಅಲ್ಲಿಯೇ ತಿದ್ದಬೇಕು. ವರ್ಡ್ ತಂತ್ರಾಂಶದ 'ಆಪ್ಷನ್ಸ್' ಒಳಗೆ 'ಕಸ್ಟಮೈಸ್ ರಿಬ್ಬನ್' ಎಂಬಲ್ಲಿ ಕೀಲಿಗಳನ್ನು ಬದಲಿಸುವ ಗುಂಡಿಯಿದೆ. ಒಂದು ಕೂಟವನ್ನು ಒತ್ತಿದೊಡನೆ ಅದು ಈಗ ಯಾರ ವಶದಲ್ಲಿದೆಯೆಂಬುದನ್ನು ಅದು ತೋರಿಸುತ್ತದೆ. ಲಿಬ್ರೆ ಆಫೀಸಿನಲ್ಲಿ 'ಟೂಲ್ಸ್', 'ಕಸ್ಟಮೈಸ್', 'ಕೀಬೋರ್ಡ್' ಎಂಬ ದಾರಿ. ಕ್ರೋಮ್ ಬ್ರೌಸರಿನ ಎಕ್ಸ್‌ಟೆನ್ಷನ್ ಪುಟದಲ್ಲಿಯೂ ಶಾರ್ಟ್‌ಕಟ್ಟುಗಳ ಪಟ್ಟಿ ಬೇರೆಯಾಗಿಯೇ ಇದೆ.

ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದಾಗ ಎದುರಾಗುವ 'ಸ್ಟಿಕಿ ಕೀಸ್' ಎಂಬ ಪ್ರಶ್ನೆಗೆ ಬೆದರಬೇಕಾಗಿಲ್ಲ. ಎರಡು ಕೀಲಿಗಳನ್ನು ಕೂಡಿ ಒತ್ತಲು ಕಷ್ಟವಾಗುವವರಿಗಾಗಿ ಮಾಡಿದ ಸೌಕರ್ಯವದು. ಬೇಡವಾದವರು 'ಆಕ್ಸೆಸಿಬಿಲಿಟಿ' ವಿಭಾಗದ 'ಕೀಬೋರ್ಡ್' ಎಂಬಲ್ಲಿ ಅದರ ಕೀಲಿಯನ್ನು ನಿಲ್ಲಿಸಬಹುದು.

ಹತ್ತು ಮಂದಿಯ ಯಂತ್ರ

ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಹೆಚ್ಚಿನವರು ಬಳಸುವುದು ಸ್ವಂತ ಯಂತ್ರವನ್ನಲ್ಲ. ಬೆಳಗಿನ ಪಾಳಿಯವನು ಎದ್ದರೆ ಸಂಜೆಯ ಪಾಳಿಯವನು ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಒಬ್ಬನು ತನ್ನ ಅನುಕೂಲಕ್ಕೆಂದು ಬದಲಿಸಿದ ಕೀಲಿ ಇನ್ನೊಬ್ಬನ ಪಾಲಿಗೆ ಗುಂಡಿಯಾಗಬಾರದು. ಬದಲಿಸುವ ಮೊದಲು ಧಣಿಗಳಿಗೋ ಮೇಲಧಿಕಾರಿಗಳಿಗೋ ತಿಳಿಸಬೇಕು. ಹಿಂದೆ ಹೇಗಿತ್ತು, ಈಗ ಹೇಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಬದಿಗೆ ಅಂಟಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕು. ಪಾಸ್‌ವರ್ಡ್ ಒಂದು ಸಲ ತಪ್ಪೆಂದು ಬಂದೊಡನೆ ಎರಡನೆಯ ಸಲ ಒತ್ತುವ ಮೊದಲು, ಗಡಿಯಾರದ ಬಳಿ ಯಾವ ಭಾಷೆಯ ಗುರುತಿದೆಯೆಂದು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಈ ಒಂದು ನೋಟ ಆ ಶನಿವಾರ ಬಿದ್ದಿದ್ದರೆ ಪಗಾರ ಅಂದೇ ಹೋಗುತ್ತಿತ್ತು.

ಕೆಲವು ದಿನಗಳ ಹಿಂದೆ ಧಣಿಗಳ ಅನುಮತಿ ಪಡೆದು ನಾವು ಆ ಮಿತ್ರರ ಪಕ್ಕದಲ್ಲಿ ಕುಳಿತೆವು. ಕನ್ನಡವನ್ನು ಮರಳಿ ಸೇರಿಸಿ, ಆಲ್ಟ್-ಶಿಫ್ಟ್ ಕೂಟವನ್ನು ಬಿಡಿಸಿ, ಕಿಟಕಿಗೊಂದು ಭಾಷೆಯ ಗುರುತು ಹಾಕಲು ಒಂದು ಚಹ ಕುಡಿಯುವಷ್ಟು ಹೊತ್ತು ಸಾಕಾಯಿತು. ಬಳಿಕ ಧಣಿಗಳೆದುರಿಗೇ ಎರಡು ಕೀಲಿಗಳ ಕಥೆಯನ್ನು ವಿವರಿಸಿದೆವು. ಅವರು ಎಲ್ಲವನ್ನೂ ಕೇಳಿ, "ಹಾಗಾದರೆ ಇವರ ತಪ್ಪೇನೂ ಇರಲಿಲ್ಲ" ಎಂದರು. ಮೂರು ದಿನಗಳ ಅವಮಾನಕ್ಕೆ ಆ ಒಂದು ಮಾತು ದೊಡ್ಡ ಪರಿಹಾರವೇನಲ್ಲ. ಆದರೂ ನಮ್ಮ ಮಿತ್ರರ ಮುಖ ಅರಳಿದುದನ್ನು ನಾವು ಕಂಡೆವು.

ಪರನಾಡಿನಲ್ಲಿ ಕನ್ನಡವು ಕಳೆದುಹೋಗುವುದು ದೊಡ್ಡ ವಿರೋಧದಿಂದಲೇ ಆಗಬೇಕೆಂದಿಲ್ಲ. ಹೀಗೆ ಯಾವುದೋ ಒಂದು ಸಣ್ಣ ತೊಂದರೆಯ ನೆಪದಲ್ಲಿ, ಕಾರಣವನ್ನು ಹುಡುಕುವ ಬೇಸರದಿಂದ, ಯಾರೋ ಒಂದು ಗುಂಡಿಯನ್ನು ಒತ್ತಿದಾಗಲೂ ಅದು ಕಳೆದುಹೋಗುತ್ತದೆ. ಮುಂದೆ ಯಾರಾದರೂ ಕನ್ನಡವನ್ನು ತೆಗೆದುಹಾಕಿದರೆ ಯಂತ್ರ ಸರಿಹೋಗುವುದೆಂದು ಹೇಳಿದಾಗ, ನಮ್ಮ ವಾಚಕರು ಅವರಿಗೆ ಒಂದು ಚಹ ತರಿಸಿಕೊಟ್ಟು, 'ಹಾಟ್ ಕೀಸ್' ಇರುವ ಆ ಚಿಕ್ಕ ಕಿಟಕಿಯನ್ನು ತೆರೆದು ತೋರಿಸಲಿ. ಮರುದಿನ ಬೆಳಿಗ್ಗೆ ಭಟ್ಟರ ಕೈಗೆ ಹೋಗುವ ಪಟ್ಟಿಯಲ್ಲಿ ಉದ್ದಿನಬೇಳೆ ಉದ್ದಿನಬೇಳೆಯೆಂದೇ ಬರೆದಿರುತ್ತದೆ.